ಫ್ಲಾಟ್‌ನಲ್ಲಿ ಮೃದಂಗ ಅಭ್ಯಾಸ: ಕೆಳಗಿನ ಮನೆಯವರಿಗೆ ತೊಂದರೆ ಆಗದ ಹಾಗೆ ಹೇಗೆ?

ಮೃದಂಗದಮ್ಮ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಬನಶಂಕರಿ ಕಡೆ ಒಂದು ಅಪಾರ್ಟ್‌ಮೆಂಟ್‌ನ ಮೂರನೇ ಮಹಡಿಯಲ್ಲಿದ್ದೇವೆ. ಮಗನಿಗೆ ಹನ್ನೆರಡು ವರ್ಷ, ಮೃದಂಗ ಕಲಿಯುತ್ತಿದ್ದಾನೆ. ಈ ಸಲ ಜೂನಿಯರ್ ಪರೀಕ್ಷೆ ಕಟ್ಟಿಸಿ ಅಂತ ಗುರುಗಳು ಹೇಳಿದ್ದಾರೆ. ದಿನಾ ಒಂದು ಗಂಟೆಯಾದರೂ ಕೈ ಸಾಧನೆ ಆಗಲೇಬೇಕು ಅಂತ ಅವರ ಪಟ್ಟು. ಶಾಲೆಯಿಂದ ಬಂದು ತಿಂಡಿ ತಿಂದು, ಸ್ವಲ್ಪ ಆಟ ಆಡಿ, ಹೋಮ್‌ವರ್ಕ್ ಮುಗಿಸುವಷ್ಟರಲ್ಲಿ ಏಳೂವರೆ ಆಗಿರುತ್ತದೆ. ಆಮೇಲೆ ಮೃದಂಗಕ್ಕೆ ಕೂರುತ್ತಾನೆ.

ಕೆಳಗಿನ ಮನೆಗೆ ಹೊಸದಾಗಿ ಒಂದು ಸಂಸಾರ ಬಂದಿದೆ. ಕೈಕೂಸು ಇದೆ. ಎಂಟು ಗಂಟೆಗೆ ಮಲಗಿಸುತ್ತಾರಂತೆ. ಮೊದಲು ಬಂದಾಗ ನಯವಾಗಿಯೇ ಹೇಳಿದರು. ಆಮೇಲೆ ಬಂದಾಗ ಸ್ವಲ್ಪ ಬಿರುಸಾಗಿ ಮಾತಾಡಿದರು. ಹೋದ ವಾರ ಸಂಘದ ಕಾರ್ಯದರ್ಶಿಯವರು ವಾಟ್ಸಾಪ್ ಗುಂಪಿನಲ್ಲಿ "ಸಂಜೆ ಆರರ ನಂತರ ಯಾರ ಮನೆಯಲ್ಲೂ ವಾದ್ಯ ನುಡಿಸುವಂತಿಲ್ಲ" ಅಂತ ಹಾಕಿಬಿಟ್ಟರು. ಅದಕ್ಕೆ ಹದಿನೈದು ಜನ ಹೆಬ್ಬೆರಳು ಒತ್ತಿದ್ದಾರೆ. ಮಗ ಅದನ್ನು ಓದಿದ ಮೇಲೆ ಮೃದಂಗದ ಚೀಲವನ್ನೇ ಬಿಚ್ಚಿಲ್ಲ.

ನನಗೆ ಜಗಳ ಬೇಡ. ಕೂಸಿಗೆ ನಿದ್ದೆ ಬೇಕು, ಅದು ನನಗೂ ಗೊತ್ತು. ಆದರೆ ಮಗನ ಕಲಿಕೆ ನಿಲ್ಲಬಾರದು. ಸದ್ದು ಕಡಿಮೆ ಮಾಡುವ ದಾರಿ ಏನಾದರೂ ಇದೆಯಾ? ನಿಮ್ಮ ಕಡೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನುಡಿಸುತ್ತೀರಿ? ಹೀಗೆ ಒಂದು ಮೆಸೇಜ್ ಹಾಕಿ ನಿಲ್ಲಿಸೋದು ಸರಿನಾ?

ಗಾಂಧಿಬಜಾರ್

ಆರರ ನಂತರ ಬೇಡ ಅಂದ್ರೆ ಶಾಲೆಗೆ ಹೋಗೋ ಮಕ್ಕಳು ಯಾವಾಗ ನುಡಿಸಬೇಕು? ಯೋಚನೆ ಮಾಡದೆ ಹಾಕಿದ ಮೆಸೇಜ್ ಅದು. ನೀವು ಸುಮ್ನೆ ಒಪ್ಪಿಕೊಳ್ಳಬೇಡಿ.

ಎರಡನೇ ಮಹಡಿ

ನಮ್ಮ ಬ್ಲಾಕ್‌ನಲ್ಲಿ ಭಾನುವಾರ ಬೆಳಗ್ಗೆ ಏಳಕ್ಕೇ ಡ್ರಿಲ್ ಶುರುವಾಗುತ್ತದೆ. ರಾತ್ರಿ ಹತ್ತೂವರೆಗೆ ಮಿಕ್ಸಿ. ಕ್ರಿಕೆಟ್ ಇದ್ದ ದಿನ ಹನ್ನೊಂದರವರೆಗೂ ಕಿರುಚಾಟ. ಅದಕ್ಕೆಲ್ಲ ಯಾರೂ ಉಸಿರೆತ್ತಲ್ಲ. ಮಗು ಒಂದು ಗಂಟೆ ಮೃದಂಗ ನುಡಿಸಿದರೆ ಮಾತ್ರ ನಿಯಮ ನೆನಪಾಗುತ್ತದೆ.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ತಿಂಗಳಲ್ಲಿ ಅರ್ಧದಷ್ಟು ದಿನ ನೈಟ್ ಡ್ಯೂಟಿ. ಬೆಳಗ್ಗೆ ಒಂಬತ್ತಕ್ಕೆ ಮನೆಗೆ ಬಂದು ಮಲಗಿದರೆ ಮೂರು ಗಂಟೆವರೆಗೆ ನನ್ನ ರಾತ್ರಿ. ಮೇಲಿನ ಮನೆಯಲ್ಲಿ ಕೀಬೋರ್ಡ್ ಕಲಿಯುವ ಹುಡುಗಿ ಇದ್ದಾಳೆ. ಹಾಗಾಗಿ ಈ ಚರ್ಚೆಯಲ್ಲಿ ಕೆಳಗಿನ ಮನೆಯವರ ಪರವಾಗಿ ಎರಡು ಮಾತು ಹೇಳುತ್ತೇನೆ.

ಸಂಗೀತ ಇಷ್ಟವಿಲ್ಲ ಅಂತ ಯಾರೂ ದೂರು ಹೇಳಲ್ಲ. ಕಛೇರಿ ಕೇಳೋದು ಬೇರೆ, ಅಭ್ಯಾಸ ಕೇಳೋದು ಬೇರೆ. ಅಭ್ಯಾಸದಲ್ಲಿ ಒಂದೇ ಸಾಲು ಇಪ್ಪತ್ತು ಸಲ ಬರುತ್ತದೆ. ಪ್ರತಿ ಸಲ ಅದೇ ಜಾಗದಲ್ಲಿ ತಪ್ಪುತ್ತದೆ, ಮತ್ತೆ ಮೊದಲಿಂದ. ಕಲಿಯುವವರಿಗೆ ಅದು ಬೇಕೇ ಬೇಕು. ಆದರೆ ಕೇಳಿಸಿಕೊಳ್ಳುವವರ ತಲೆ ಮುಂದಿನ ಸ್ವರಕ್ಕೆ ಕಾಯುತ್ತಾ ಕೂರುತ್ತದೆ. ನಿದ್ದೆ ಹತ್ತೋದಿಲ್ಲ.

ಇನ್ನೊಂದು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಗೊತ್ತಿಲ್ಲದಿದ್ದರೆ ಸಂಕಟ ಜಾಸ್ತಿ. ಮೇಲಿನ ಮನೆ ಆಂಟಿ ಒಂದು ದಿನ ಬಂದು "ನಾಲ್ಕರಿಂದ ಐದು ನುಡಿಸ್ತಾಳೆ, ಐದಕ್ಕೆ ನಿಲ್ಲಿಸ್ತಾಳೆ" ಅಂತ ಹೇಳಿ ಹೋದರು. ಸದ್ದು ಅಷ್ಟೇ ಇದೆ. ಆದರೆ ಆವತ್ತಿನಿಂದ ನನಗೆ ಕೋಪ ಬಂದಿಲ್ಲ. ಐದಕ್ಕೆ ನಿಂತೇ ನಿಲ್ಲುತ್ತದೆ ಅನ್ನೋ ನಂಬಿಕೆ ಇದೆ.

ಗಾಂಧಿಬಜಾರ್

@ರಾತ್ರಿಪಾಳಿ ಮೇಡಂ, ನೀವು ಹೇಳಿದ್ದು ಒಪ್ಪಿದೆ. ಆದರೆ ನಿಮ್ಮ ಮೇಲಿನ ಮನೆಯದು ಕೀಬೋರ್ಡ್. ಹೆಡ್‌ಫೋನ್ ಹಾಕಿಕೊಂಡರೆ ಮುಗಿಯಿತು. ಮೃದಂಗಕ್ಕೆ ಹೆಡ್‌ಫೋನ್ ಎಲ್ಲಿಂದ ತರೋಣ?

ಸಿಮೆಂಟು ಜಲ್ಲಿ

ನಾನು ಸಿವಿಲ್ ಎಂಜಿನಿಯರ್. ಅಕ್ಕಾ, ಮೊದಲು ಒಂದು ಕೇಳ್ತೀನಿ. ಮಗ ಯಾವ ರೂಮಿನಲ್ಲಿ ಕೂತು ನುಡಿಸುತ್ತಾನೆ? ಅವನ ರೂಮಿನಲ್ಲೇ ಆದರೆ ಅಲ್ಲೇ ಇದೆ ತೊಂದರೆ. ಅಪಾರ್ಟ್‌ಮೆಂಟ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಮಹಡಿಗೂ ಒಂದೇ ನಕ್ಷೆ. ನಿಮ್ಮ ಮಲಗುವ ಕೋಣೆಯ ಕೆಳಗೆ ಅವರದೂ ಮಲಗುವ ಕೋಣೆ. ಕೂಸು ಮಲಗುವುದು ಸರಿಯಾಗಿ ಮೃದಂಗದ ಕೆಳಗೇ ಇರಬಹುದು. ಹಾಲ್‌ಗೆ ಅಥವಾ ಊಟದ ಜಾಗಕ್ಕೆ ಬಂದರೆ ಅರ್ಧ ಕೆಲಸ ಆಯಿತು.

ಮೃದಂಗದ ಸದ್ದು ಎರಡು ದಾರಿಯಲ್ಲಿ ಇಳಿಯುತ್ತದೆ. ಒಂದು ಗಾಳಿಯಲ್ಲಿ: ಕಿಟಕಿ, ಬಾಗಿಲ ಕೆಳಗಿನ ಸಂದು, ಬಾತ್‌ರೂಮ್ ಡಕ್ಟ್. ಇನ್ನೊಂದು ಕಟ್ಟಡದ ಮೈಯಲ್ಲಿ. ಹುಡುಗ ಬರೀ ಟೈಲ್ಸ್ ಮೇಲೆ ಕೂತರೆ ಎಡಗೈ ಏಟಿನ ಅದುರು ಕಾಲಿನಿಂದ ನೆಲಕ್ಕೆ, ನೆಲದಿಂದ ಸ್ಲ್ಯಾಬ್‌ಗೆ ಇಳಿಯುತ್ತದೆ. ನಮ್ಮ ಸ್ಲ್ಯಾಬ್‌ಗಳು ಐದಾರು ಇಂಚು ದಪ್ಪ, ಅಷ್ಟೇ. ಕೆಳಗಿನ ಮನೆಯ ಚಾವಣಿ ಆ ಅದುರನ್ನು ಮತ್ತೆ ಸದ್ದು ಮಾಡಿ ಹರಡುತ್ತದೆ. ಈ ಎರಡನೇ ದಾರಿಯನ್ನು ಕಿಟಕಿ ಮುಚ್ಚಿ ತಡೆಯೋಕೆ ಆಗಲ್ಲ. ನೆಲಕ್ಕೇ ಏನಾದರೂ ಹಾಸಬೇಕು. ಕೆಳಗೆ ದಪ್ಪ ರಬ್ಬರ್ ಶೀಟ್ (ಜಿಮ್‌ನಲ್ಲಿ ಹಾಸುತ್ತಾರಲ್ಲ, ಅದು), ಅದರ ಮೇಲೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಜಮಖಾನ. ಹುಡುಗನೂ ಮೃದಂಗವೂ ಪೂರ್ತಿ ಅದರ ಮೇಲೇ ಇರಬೇಕು. ಗೋಡೆಗೆ ತಾಗಿಸಬೇಡಿ.

ಹೊಸ ಗಿಟಾರ್

ಮೊಟ್ಟೆ ಟ್ರೇ ಗೋಡೆಗೆ ಅಂಟಿಸಿ. ನನ್ನ ಫ್ರೆಂಡ್ ಒಂದು ರೂಮ್ ಪೂರ್ತಿ ಮಾಡಿದ್ದಾನೆ. ಸ್ಟುಡಿಯೋ ತರಹ ಆಗಿದೆ. ಖರ್ಚೇ ಇಲ್ಲ.

ಸಿಮೆಂಟು ಜಲ್ಲಿ

@ಹೊಸ ಗಿಟಾರ್ ಬೇಡಪ್ಪಾ. ಮೊಟ್ಟೆ ಟ್ರೇ, ತೆಳು ಫೋಮ್ ಇವೆಲ್ಲ ರೂಮಿನ ಒಳಗಿನ ಪ್ರತಿಧ್ವನಿಯನ್ನು ಸ್ವಲ್ಪ ಕಡಿಮೆ ಮಾಡುತ್ತವೆ. ಒಳಗಿರುವವರಿಗೆ ಸದ್ದು ಚೆನ್ನಾಗಿ ಕೇಳುತ್ತದೆ. ಪಕ್ಕದ ಮನೆಗೆ ಹೋಗುವುದನ್ನು ತಡೆಯಲ್ಲ. ಸದ್ದು ನಿಲ್ಲಬೇಕಾದರೆ ತೂಕ ಬೇಕು, ಸಂದು ಮುಚ್ಚಬೇಕು. ತಗ್ಗಿನ ಸದ್ದಂತೂ ಫೋಮ್‌ಗೆ ಜಗ್ಗುವುದೇ ಇಲ್ಲ. ರಟ್ಟಿನ ಟ್ರೇಗೆ ಬೆಂಕಿ ಬೇರೆ ಬೇಗ ಹತ್ತುತ್ತದೆ. ನಿಮ್ಮ ಫ್ರೆಂಡ್‌ಗೆ ತೆಗೆಸೋಕೆ ಹೇಳಿ.

ಪಕ್ಕದ ಮನೆ ಗೋಡೆಗೆ ಬಟ್ಟೆ ತುಂಬಿದ ಬೀರು, ಪುಸ್ತಕದ ಕಪಾಟು ಇಟ್ಟರೆ ಅದೇ ಮೇಲು. ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿಸಿ. ಸ್ಲೈಡಿಂಗ್ ಕಿಟಕಿಗೆ ಹಿಂದೆ ಮುಂದೆ ಸಂದು ಇದ್ದೇ ಇರುತ್ತದೆ. ಅದಕ್ಕಿಂತ ಬಾಗಿಲ ಹಾಗೆ ತೆರೆಯುವ ಕಿಟಕಿ ಬಿಗಿಯಾಗಿ ಮುಚ್ಚುತ್ತದೆ.

ಹೊಸ ಗಿಟಾರ್

ಬೆಂಕಿ ವಿಷಯ ಗೊತ್ತಿರಲಿಲ್ಲ ಸರ್. ಹೇಳ್ತೀನಿ ಅವನಿಗೆ.

ಕೊನ್ನಕೋಲ್

ಮೃದಂಗ ಪಾಠ ಹೇಳುತ್ತೇನೆ, ನನ್ನ ಶಿಷ್ಯರಲ್ಲಿ ಮುಕ್ಕಾಲು ಮಕ್ಕಳು ಫ್ಲಾಟ್‌ನವರೇ. ಹಾಗಾಗಿ ದಿನಾ ಎದುರಿಸುವ ವಿಷಯ ಇದು.

ಕೆಳಗೆ ಇಳಿಯುವುದು ಎಡ ಮುಚ್ಚಿಗೆಯ (ಎಡಗಡೆ ಚರ್ಮದ) ಗುಂಕಾರ. ಅದು ಬರುವುದು ನಾವು ನೀರಲ್ಲಿ ಕಲಸಿ ಹಚ್ಚುವ ರವೆಯಿಂದ. ಮನೆ ಅಭ್ಯಾಸದಲ್ಲಿ ಹೆಚ್ಚು ದಿನ ರವೆ ಹಚ್ಚದೆ ನುಡಿಸಬಹುದು. ಎಡಗಡೆ ಒಣ ಸದ್ದು ಬರುತ್ತದೆ, ಗುಮ್ಕಿ (ಎಡಗೈಯ ಜಾರುವ ಗುಂಕಾರ) ಬರಲ್ಲ, ಆದರೆ ಬೆರಳಿನ ಕೆಲಸಕ್ಕೆ ಏನೂ ಕೊರತೆ ಆಗಲ್ಲ. ಗುಮ್ಕಿ ಅಭ್ಯಾಸ ಶನಿವಾರ ಭಾನುವಾರಕ್ಕೆ, ಇಲ್ಲ ಪಾಠದ ಮನೆಗೆ ಇಟ್ಟುಕೊಳ್ಳಲಿ. ದಿಂಬಿನ ಮೇಲೆ ಬಡಿಯುವ ಅಭ್ಯಾಸ ಮಾತ್ರ ಮಾಡಿಸಬೇಡಿ. ಚರ್ಮ ಬೆರಳನ್ನು ಹಿಂದಕ್ಕೆ ಎಸೆಯುತ್ತದೆ, ದಿಂಬು ಎಸೆಯಲ್ಲ. ಕೈ ಭಾರ ಆಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ, ಬಾಯಲ್ಲಿ ಹೇಳಿಸಿ. ತ ಧಿ ತೊಂ ನಂ ಇಂದ ಹಿಡಿದು ಮೋರಾ, ಮುಕ್ತಾಯದವರೆಗೆ ಎಲ್ಲವನ್ನೂ ತಾಳ ಹಾಕಿಕೊಂಡು ಮೂರು ಕಾಲದಲ್ಲಿ (ಮೂರು ವೇಗದಲ್ಲಿ) ಹೇಳಲಿ. ಬಾಯಿಗೆ ಬಂದದ್ದು ಕೈಗೆ ಬಂದೇ ಬರುತ್ತದೆ. ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಹೀಗೆ ಬಾಯಲ್ಲಿ ಹೇಳುವ ಕೊನ್ನಕೋಲ್ ಆದರೆ ಕೆಳಗಿನ ಮನೆಗೆ ಅಷ್ಟು ಹೊತ್ತು ಕಡಿಮೆಯಾಯಿತು. ಪರೀಕ್ಷೆಯಲ್ಲೂ ಬಾಯಲ್ಲಿ ಹೇಳುವಾಗ ಮಗು ತಡವರಿಸಲ್ಲ.

ಮೃದಂಗದಮ್ಮ

ಎಲ್ಲರಿಗೂ ಧನ್ಯವಾದ. @ಸಿಮೆಂಟು ಜಲ್ಲಿ ಹೌದು, ಅವನ ರೂಮಿನಲ್ಲೇ, ಬರೀ ಟೈಲ್ಸ್ ಮೇಲೆ ಒಂದು ಚಾಪೆ ಹಾಕಿ ಕೂರುತ್ತಾನೆ. @ಕೊನ್ನಕೋಲ್ ಸರ್, ರವೆ ಇಲ್ಲದೆ ನುಡಿಸಬಹುದಾ ಅಂತ ಗುರುಗಳನ್ನು ಕೇಳಿ ಹಾಗೇ ಮಾಡಿಸ್ತೀನಿ.

ವಕೀಲಿ ಮಾತು

ಕಾನೂನು ಏನು ಹೇಳುತ್ತದೆ ಅಂತ ಯಾರೂ ಹೇಳಲಿಲ್ಲ. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ರಲ್ಲಿ. ಅದರ ಪ್ರಕಾರ ಬೆಳಗ್ಗೆ 6ರಿಂದ ರಾತ್ರಿ 10 ಹಗಲು, 10ರಿಂದ 6 ರಾತ್ರಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಅಂತ ಗುರುತಿಸಿದ ಕಡೆ 50 ಮತ್ತು 40. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಮೀರಿದರೆ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದರೆ ದೂರು ಕೊಡಬಹುದು. ರಾತ್ರಿ ಹತ್ತರ ಮೇಲೆ ವಾದ್ಯ ನುಡಿಸುವುದಕ್ಕೂ ಆ ನಿಯಮಗಳಲ್ಲಿ ನಿರ್ಬಂಧ ಇದೆ.

ಸಂಜೆ ಆರು ಗಂಟೆ ಅನ್ನುವ ಗಡಿ ಆ ನಿಯಮಗಳಲ್ಲಿ ಇಲ್ಲ. ಸಂಘಕ್ಕೆ ಬೇಕಿದ್ದರೆ ಸಾಮಾನ್ಯ ಸಭೆ ಕರೆದು, ವಿಷಯ ಮೊದಲೇ ತಿಳಿಸಿ, ಚರ್ಚೆ ಮಾಡಿ ತೀರ್ಮಾನ ಮಾಡಲಿ. ವಾಟ್ಸಾಪ್ ಮೆಸೇಜನ್ನು ನಿಯಮ ಅಂತ ನಾನು ಒಪ್ಪಲ್ಲ.

ಎರಡನೇ ಮಹಡಿ

ಅಷ್ಟೇ. ಪ್ರಿಂಟ್ ತೆಗೆದು ಕಾರ್ಯದರ್ಶಿ ಕೈಗೆ ಕೊಡಿ.

ರಾತ್ರಿಪಾಳಿ

55 ಡೆಸಿಬೆಲ್ ಅಂದರೆ ಇಬ್ಬರು ಎದುರುಬದುರು ಕೂತು ಮಾತಾಡುವಷ್ಟೂ ಇಲ್ಲ. ಆ ಲೆಕ್ಕ ಹಿಡಿದರೆ ಮೃದಂಗ ಹಗಲಲ್ಲೂ ಕಷ್ಟವೇ. ಕಾನೂನು ತೋರಿಸಿದರೆ ಅವರೂ ಫೋನ್‌ನಲ್ಲಿ ಡೆಸಿಬೆಲ್ ಆ್ಯಪ್ ಹಾಕಿಕೊಂಡು ಬಂದು ನಿಲ್ಲುತ್ತಾರೆ. ಆಮೇಲೆ ಲಿಫ್ಟ್‌ನಲ್ಲಿ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗಬೇಕಾಗುತ್ತದೆ. ಅಕ್ಕ ಕೇಳಿದ್ದು ಅದಲ್ಲ, ಅಲ್ವಾ?

ವಕೀಲಿ ಮಾತು

ಅಳೆಯುವುದು ಬಯಲಲ್ಲಿ, ಸರಿಯಾದ ಮೀಟರ್‌ನಲ್ಲಿ. ಫೋನ್ ಆ್ಯಪ್ ಲೆಕ್ಕಕ್ಕೆ ಬರಲ್ಲ. ಆದರೆ ನೀವು ಹೇಳಿದ ಇನ್ನೊಂದು ಮಾತು ಸರಿ. ನಾನು ಕಾನೂನು ಹೇಳಿದ್ದು ಆರು ಗಂಟೆ ಮೆಸೇಜ್‌ಗೆ ಹೆದರಬೇಡಿ ಅನ್ನೋದಕ್ಕೆ. ಕೆಳಗಿನ ಮನೆಯವರ ಮೇಲೆ ಎತ್ತಿಕೊಂಡು ಹೋಗಿ ಅಂತ ಅಲ್ಲ.

ಖಜಾಂಚಿ

ನಾನು ಬೇರೊಂದು ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ಸಂಘದವರನ್ನು ಎಲ್ಲರೂ ಬೈಯುತ್ತೀರಿ, ಸ್ವಲ್ಪ ನಮ್ಮ ಕಡೆಯಿಂದಲೂ ನೋಡಿ. ನಮಗೆ ಸಂಬಳ ಇಲ್ಲ. ಆಫೀಸಿನಿಂದ ಬಂದ ಮೇಲೆ ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿ, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ವಾಸನೆ, ಇದರ ನಡುವೆ ಒಬ್ಬರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಅಳುತ್ತಾರೆ, ಮಗು ಮಲಗ್ತಿಲ್ಲ ಅಂತ. ಬೇಗ ಮುಗಿಯಲಿ ಅಂತ ಒಂದು ಮೆಸೇಜ್ ಹೋಗಿಬಿಡುತ್ತದೆ. ಆ ಕಾರ್ಯದರ್ಶಿಯವರದೂ ಇದೇ ಕಥೆ ಇರಬಹುದು.

ನಮ್ಮಲ್ಲಿ ಹೋದ ವರ್ಷ ಸಭೆಯಲ್ಲಿ ಕೂತು ಮಾತಾಡಿ, ವಾದ್ಯಕ್ಕೆ ಬೆಳಗ್ಗೆ 7ರಿಂದ ರಾತ್ರಿ 8.30, ಮಧ್ಯಾಹ್ನ 2ರಿಂದ 4 ಬಿಡುವು ಅಂತ ಒಪ್ಪಿಕೊಂಡೆವು. ಡ್ರಿಲ್‌ಗೂ ಅದೇ ಮಧ್ಯಾಹ್ನದ ಬಿಡುವು ಹಾಕಿದೆವು. ಹಾಗೆ ಮಾಡಿದ್ದಕ್ಕೇ ಎಲ್ಲರೂ ಒಪ್ಪಿದರು. ವಾದ್ಯಕ್ಕೆ ಮಾತ್ರ ಹಾಕಿದ್ದರೆ ಒಪ್ಪುತ್ತಿರಲಿಲ್ಲ.

ಮ್ಯೂನಿಕ್ ಕನ್ನಡಿಗ

ನಾನು ಜರ್ಮನಿಯಲ್ಲಿದ್ದೇನೆ, ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಇಲ್ಲಿ ರಾತ್ರಿ 10ರಿಂದ ಬೆಳಗ್ಗೆ 6 ಸದ್ದು ಮಾಡುವಂತಿಲ್ಲ. ಎಷ್ಟೋ ಕಟ್ಟಡಗಳ ನಿಯಮದಲ್ಲಿ ಮಧ್ಯಾಹ್ನದ ಮೌನವೂ ಇರುತ್ತದೆ. ಭಾನುವಾರ ಡ್ರಿಲ್ ಹಿಡಿಯುವ ಮಾತೇ ಇಲ್ಲ.

ಇಲ್ಲಿನ ಒಂದು ಕೇಸ್ ಹೇಳುತ್ತೇನೆ. ಆಗ್ಸ್‌ಬರ್ಗ್ ಊರಿನಲ್ಲಿ ಟ್ರಂಪೆಟ್ ನುಡಿಸುವ ವೃತ್ತಿಯವರೊಬ್ಬರು ಸಾಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಪಕ್ಕದ ಮನೆಯವರು ಕೋರ್ಟಿಗೆ ಹೋದರು. ಅದು ದೇಶದ ದೊಡ್ಡ ಕೋರ್ಟ್‌ವರೆಗೆ ಹೋಗಿ 2018ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಮನೆಯಲ್ಲಿ ವಾದ್ಯ ನುಡಿಸುವುದು ಮಾಮೂಲಿ ಬದುಕಿನ ಭಾಗ, ಪೂರ್ತಿ ನಿಲ್ಲಿಸುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಹಾಗಂತ ಇಷ್ಟ ಬಂದಷ್ಟು ನುಡಿಸುವಂತೆಯೂ ಇಲ್ಲ. ಕೆಲಸದ ದಿನ ಎರಡು ಮೂರು ಗಂಟೆ, ಭಾನುವಾರ ಮತ್ತು ರಜೆ ದಿನ ಒಂದೆರಡು ಗಂಟೆ ಅನ್ನುವುದನ್ನು ಒಂದು ಅಂದಾಜಾಗಿ ಇಟ್ಟಿತು. ಮಧ್ಯಾಹ್ನ, ರಾತ್ರಿ ಬಿಡುವು ಬೇಕು. ವೃತ್ತಿಯವರಿಗೂ ಹವ್ಯಾಸದವರಿಗೂ ಒಂದೇ ಅಳತೆ. ನನಗೆ ಇದು ತುಂಬ ನ್ಯಾಯವಾಗಿ ಕಂಡಿತು.

ಗಾಂಧಿಬಜಾರ್

ಜರ್ಮನಿ ಲೆಕ್ಕ ಇಲ್ಲಿಗೆ ತರಬೇಡಿ. ಅಲ್ಲಿ ರಸ್ತೆಯಲ್ಲಿ ಹಾರ್ನ್ ಇಲ್ಲ, ಗೋಡೆ ದಪ್ಪ, ಕಿಟಕಿಗೆ ಎರಡು ಪದರ ಗಾಜು. ಇಲ್ಲಿ ಕಿಟಕಿ ಮುಚ್ಚಿದರೆ ಏಪ್ರಿಲ್‌ನಲ್ಲಿ ಮಗು ಬೆಂದು ಹೋಗುತ್ತದೆ.

ಮ್ಯೂನಿಕ್ ಕನ್ನಡಿಗ

ಗೋಡೆ ಎಲ್ಲ ಕಡೆ ದಪ್ಪ ಇಲ್ಲ ಸ್ವಾಮಿ. ಹಳೇ ಕಟ್ಟಡದಲ್ಲಿ ಮರದ ನೆಲ, ಮೇಲಿನವರು ನಡೆದರೂ ಕೇಳುತ್ತದೆ. ಗೋಡೆ ವಿಷಯ ಬಿಡಿ, ನಾನು ಹೇಳಿದ್ದು ಹಂಚಿಕೊಳ್ಳುವ ರೀತಿ. ಕಲಿಯುವವರಿಗೆ ಇಷ್ಟು ಹೊತ್ತು, ಮಲಗುವವರಿಗೆ ಇಷ್ಟು ಹೊತ್ತು. ಎರಡೂ ಕಡೆಯವರಿಗೆ ಗೊತ್ತಿರಬೇಕು.

ವೀಣೆ ಟೀಚರ್

ನನ್ನದು ಇನ್ನೊಂದು ತರಹದ ತೊಂದರೆ. ಅಮೆರಿಕದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಐದು ಅಂದರೆ ನಮಗೆ ಬೆಳಗ್ಗೆ ಐದೂವರೆ. ವೀಣೆ ಸದ್ದು ಹೆಚ್ಚೇನೂ ಇಲ್ಲ, ಆದರೆ ಜೊತೆಗೆ ಹಾಡಿ ತೋರಿಸಬೇಕು. ಆ ಹೊತ್ತಿಗೆ ಕಟ್ಟಡವೆಲ್ಲ ಮಲಗಿರುತ್ತದೆ, ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ಪಕ್ಕದ ಮನೆ ಅಂಕಲ್‌ಗೆ ಬೆಳಗಿನ ಜಾವದ ನಿದ್ದೆ ಮುಖ್ಯ. ನವೆಂಬರ್‌ನಲ್ಲಿ ಅವರ ಗಡಿಯಾರ ಬದಲಾದಾಗ ನಮಗೆ ಆರೂವರೆ ಆಗುತ್ತದೆ, ಮಾರ್ಚ್‌ವರೆಗೆ ನೆಮ್ಮದಿ. ಬೇಸಿಗೆ ಬಂದರೆ ಮತ್ತೆ ಐದೂವರೆ.

ಎರಡನೇ ಮಹಡಿ

ಕ್ಷಮಿಸಿ ಟೀಚರ್, ಇದು ಬೇರೆ ಲೆಕ್ಕ. ಮಗು ಕಲಿಯುವುದು ಒಂದು, ದುಡ್ಡು ತೆಗೆದುಕೊಂಡು ಪಾಠ ಹೇಳುವುದು ಇನ್ನೊಂದು. ಅದು ನಿಮ್ಮ ವ್ಯಾಪಾರ. ಪಕ್ಕದ ಮನೆಯವರು ಯಾಕೆ ನಿದ್ದೆ ಬಿಡಬೇಕು?

ವೀಣೆ ಟೀಚರ್

ವ್ಯಾಪಾರ ಅಂದರೆ ಬೇಜಾರಾಗುತ್ತದೆ. ನನ್ನ ಮನೆ ನಡೆಯುವುದು ಈ ಪಾಠದಿಂದ. ಮನೆಯಿಂದ ಕೆಲಸ ಮಾಡುವವರು ರಾತ್ರಿ ಹನ್ನೊಂದಕ್ಕೆ ಬಾಲ್ಕನಿಯಲ್ಲಿ ನಿಂತು ಮೀಟಿಂಗ್‌ನಲ್ಲಿ ಮಾತಾಡುತ್ತಾರೆ. ಅವರನ್ನು ಯಾರೂ ವ್ಯಾಪಾರ ಅನ್ನಲ್ಲ.

ಎರಡನೇ ಮಹಡಿ

ಬಾಲ್ಕನಿ ಮೀಟಿಂಗ್ ಕೂಡ ತಪ್ಪೇ. ಅದನ್ನೂ ಹೇಳುತ್ತೇನೆ. ಆದರೆ ಐದೂವರೆ ಅನ್ನುವುದು ರಾತ್ರಿಯೇ.

ಧಾರವಾಡ ತಬಲಾ

ಹೌದ್ರೀ, ಟೀಚರಿಗೆ ಬೈಯಬೇಡಿ. ನಮ್ಮ ಕಡೆ ಗಾಯಕರ ಮನೆಗಳಲ್ಲಿ ನಸುಕಿನ ರಿಯಾಜ್ (ಸಾಧನೆ) ಅಂದ್ರೆ ಓಣಿಗೆಲ್ಲ ಗೊತ್ತು. ಓಣಿಯವರು ಅದಕ್ಕೆ ಹೊಂದಿಕೊಂಡಿರುತ್ತಿದ್ದರು. ಆದರೆ ಅಲ್ಲಿ ಬಿಡಿಬಿಡಿ ಮನೆ, ನಡುವೆ ಹಿತ್ತಲು, ಮೇಲೆ ಹೆಂಚು. ಫ್ಲಾಟ್‌ನಲ್ಲಿ ಒಂದೇ ಗೋಡೆಗೆ ಎರಡು ಮನೆ. ಹಳೇ ಪದ್ಧತಿ ಹಾಗೇ ತರೋಕೆ ಆಗಲ್ಲ.

ಟೀಚರ್, ನಾನು ಮಾಡಿದ್ದು ಹೇಳುತ್ತೇನೆ. ಪಾಠದ ಮೊದಲ ಅರ್ಧ ಗಂಟೆ ನಾನು ನುಡಿಸುವುದೇ ಇಲ್ಲ. ಹಿಂದಿನ ಪಾಠವನ್ನು ಶಿಷ್ಯನಿಂದ ಕೇಳುತ್ತೇನೆ, ಹೆಡ್‌ಫೋನ್‌ನಲ್ಲಿ. ತಿದ್ದುವುದನ್ನು ಬೋಲ್ (ತಬಲಾದ ಅಕ್ಷರಗಳು) ಹೇಳಿ ಮೆತ್ತಗೆ ತಿದ್ದುತ್ತೇನೆ. ಹೊಸ ಪಾಠ, ಕೈ ತೋರಿಸುವುದು ಎಲ್ಲ ಆರರ ನಂತರ. ನಿಮಗೂ ಇದು ಆಗಬಹುದು ನೋಡಿ.

ವೀಣೆ ಟೀಚರ್

ಇದು ಒಳ್ಳೆಯ ದಾರಿ ಸರ್. ಈ ಬೇಸಿಗೆಗೆ ಹಾಗೇ ಮಾಡ್ತೀನಿ. ಅಂಕಲ್‌ಗೂ ಹೋಗಿ ಹೇಳ್ತೀನಿ.

ಪಿಟೀಲು

ಪಿಟೀಲಿಗೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮೇಲೆ ಕೂರಿಸುವ ರಬ್ಬರ್ ಮ್ಯೂಟ್ ಸಿಗುತ್ತದೆ, ಲೋಹದ್ದೂ ಇದೆ. ಲೋಹದ್ದು ಹಾಕಿದರೆ ಬಾಗಿಲಾಚೆ ಬಹಳ ಕಡಿಮೆ ಕೇಳುತ್ತದೆ. ಮ್ಯೂನಿಕ್‌ನವರು ಬಳಸಿರಬಹುದು. ಆದರೆ ನನ್ನ ಗುರುಗಳು ದಿನಾ ಬೇಡ ಅಂದರು. ಮ್ಯೂಟ್ ಹಾಕಿದಾಗ ಕಮಾನಿನ ತಪ್ಪು ಕಿವಿಗೆ ಬೀಳಲ್ಲ, ಒತ್ತಿ ಎಳೆಯುವ ಚಟ ಬರುತ್ತದೆ. ಬೆರಳು ಕೂರಿಸುವ ಅಭ್ಯಾಸಕ್ಕೆ, ಜಂಟಿ ವರಸೆ, ಅಲಂಕಾರಕ್ಕೆ ಹಾಕಿಕೊಳ್ಳಿ. ನಾದ ಕೇಳಬೇಕಾದ ಹೊತ್ತಿಗೆ ತೆಗೆಯಿರಿ.

ಇನ್ನೊಂದು ಮಾತು ಹೇಳಬೇಕು ಅನ್ನಿಸಿತು. ನಮ್ಮ ತಿರುಮಕೂಡಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಸದ್ದು ಜಾಸ್ತಿ ಬರಲಿ ಅಂತ. ಮೈಕ್ ಇಲ್ಲದ ಕಾಲ, ಹಿಂದಿನ ಸಾಲಿಗೂ ಕೇಳಬೇಕಿತ್ತು. ವಾದ್ಯಗಳು ಬೆಳೆದು ಬಂದದ್ದೇ ದೂರಕ್ಕೆ ಕೇಳಿಸಬೇಕು ಅಂತ. ಅವುಗಳನ್ನು ಹತ್ತಡಿ ಹನ್ನೆರಡಡಿ ರೂಮಿಗೆ ತಂದು ಕೂರಿಸಿದ್ದೇವೆ. ಮಗುವಿನ ತಪ್ಪೂ ಅಲ್ಲ, ಕೆಳಗಿನವರ ತಪ್ಪೂ ಅಲ್ಲ.

ಗಾಂಧಿಬಜಾರ್

ಚೌಡಯ್ಯ ಹೆಸರು ಬಂದಿದ್ದಕ್ಕೆ ಖುಷಿ ಆಯಿತು. ಅವರ ಹೆಸರಿನ ಹಾಲ್ ಪಿಟೀಲಿನ ಆಕಾರದಲ್ಲೇ ಇದೆ, 1980ರಲ್ಲಿ ಕಟ್ಟಿದ್ದು. ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ ಹೊರಗಿನಿಂದಲಾದರೂ ತೋರಿಸಿ. ತಂತಿ, ಬಿರಡೆ ಸಮೇತ ಕಾಣುತ್ತದೆ.

ಉಡುಪಿ ಚೆಂಡೆ

ನಮ್ಮ ಕಷ್ಟ ಕೇಳಿ. ಯಕ್ಷಗಾನಕ್ಕೆ ಚೆಂಡೆ ಕಲಿಯುತ್ತಿದ್ದೇನೆ, ಬೆಂಗಳೂರಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಚೆಂಡೆ ಬಯಲಾಟಕ್ಕೆ ಅಂತಲೇ ಇರೋ ವಾದ್ಯ. ಅದರ ಸದ್ದು ಗದ್ದೆ ದಾಟಿ ಆಚೆ ಊರಿಗೆ ಕೇಳುತ್ತದೆ. ಜಮಖಾನ ಹಾಸಿ ಆಗುವ ಮಾತಲ್ಲ.

ಕೊನ್ನಕೋಲ್

@ಉಡುಪಿ ಚೆಂಡೆ ಕೇರಳದಲ್ಲಿ ಚೆಂಡೆ ಕಲಿಯುವವರು ಮೊದಲು ಕಲ್ಲಿನ ಮೇಲೆ ಹುಣಸೆ ಕೋಲು ಹಿಡಿದು ಸಾಧನೆ ಮಾಡುತ್ತಾರೆ. ಕೈ ಗಟ್ಟಿಯಾದ ಮೇಲೆ ಚೆಂಡೆ. ನೀವು ಕಲ್ಲು ತರಬೇಡಿ, ಅದು ನೆಲಕ್ಕೆ ಅದುರುತ್ತದೆ. ಒಂದು ಮರದ ತುಂಡಿಗೆ ದಪ್ಪ ರಬ್ಬರ್ ಅಂಟಿಸಿ, ಕೆಳಗೂ ರಬ್ಬರ್ ಇಟ್ಟು ಮೆತ್ತಗೆ ಮಾಡಿ. ಮಣಿಕಟ್ಟಿನ ಕೆಲಸ ಎಲ್ಲ ಆಗುತ್ತದೆ. ಪೂರ್ತಿ ಸದ್ದಿನ ಅಭ್ಯಾಸಕ್ಕೆ ಗುಂಪಿನ ಜೊತೆ ಹೋಗಲೇಬೇಕು.

ಉಡುಪಿ ಚೆಂಡೆ

ರಬ್ಬರ್ ಅಂಟಿಸುವುದು ಹೊಳೆದಿರಲಿಲ್ಲ. ಮಾಡಿ ನೋಡುತ್ತೇನೆ ಸರ್.

ಮೃದಂಗದಮ್ಮ

ಏನಾಯಿತು ಅಂತ ಹೇಳಬೇಕು. ಭಾನುವಾರ ಬೆಳಗ್ಗೆ ಕೆಳಗಿನ ಮನೆಗೆ ಹೋದೆ. "ನಿಮ್ಮ ಮನೆಯಲ್ಲಿ ಹೇಗೆ ಕೇಳುತ್ತದೆ ಅಂತ ನಾನೇ ಕೂತು ಕೇಳಬೇಕು, ಹತ್ತು ನಿಮಿಷ ಕೂರಲಾ?" ಅಂತ ಕೇಳಿದೆ. ಕೂಸಿನ ಅಮ್ಮನಿಗೆ ಆಶ್ಚರ್ಯವಾಯಿತು. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ನಾನು ಮಗನಿಗೆ ಫೋನ್ ಮಾಡಿ ಒಂದೊಂದು ರೂಮಿನಲ್ಲಿ ನುಡಿಸು ಅಂದೆ.

ಅವನ ರೂಮಿನಲ್ಲಿ ನುಡಿಸಿದಾಗ ಬಲಗೈ ಸದ್ದು ಹೆಚ್ಚೇನೂ ಕೇಳಲಿಲ್ಲ. ಎಡಗೈ ಮಾತ್ರ ತೊಟ್ಟಿಲ ಮೇಲಿನ ಚಾವಣಿಯಿಂದ ನೇರವಾಗಿ ಇಳಿಯುತ್ತಿತ್ತು. ತೊಟ್ಟಿಲ ಸರಪಳಿ ಮುಟ್ಟಿ ನೋಡಿದೆ, ಸಣ್ಣಗೆ ಅದುರುತ್ತಿತ್ತು. ನನಗೆ ಮಾತೇ ಹೊರಡಲಿಲ್ಲ. ಊಟದ ಮೇಜಿನ ಪಕ್ಕ, ಯುಟಿಲಿಟಿ ಕಡೆ ಹಾಸಿಗೆ ಹಾಸಿಕೊಂಡು ನುಡಿಸಿದಾಗ ಆ ರೂಮಿಗೆ ಸುಮಾರಾಗಿ ಮಾತ್ರ ಕೇಳಿತು. ರವೆ ತೆಗೆದ ಮೇಲೆ ಇನ್ನೂ ಕಡಿಮೆ. ಬಾಗಿಲು ಹಾಕಿದರೆ ಅವರ ಫ್ಯಾನ್ ಸದ್ದಿನಲ್ಲಿ ಮುಳುಗಿ ಹೋಯಿತು.

ಈಗ ಮಾತಾಗಿರೋದು ಇಷ್ಟು. ಆರೂಕಾಲಿಗೆ ಶುರು, ಏಳೂವರೆಗೆ ನಿಲ್ಲಿಸುವುದು. ಹೋಮ್‌ವರ್ಕ್ ಆಮೇಲೆ. ಶನಿವಾರ ಭಾನುವಾರ ಬೆಳಗ್ಗೆ ಹತ್ತು ಗಂಟೆ ಮೇಲೆ ರವೆ ಹಚ್ಚಿ ನುಡಿಸಬಹುದು. ಕೂಸಿಗೆ ಜ್ವರ ಗಿರ ಬಂದರೆ ಅವಳು ನನಗೆ ಮೆಸೇಜ್ ಮಾಡುತ್ತಾಳೆ, ಆವತ್ತು ಅವನು ಬಾಯಲ್ಲಿ ಹೇಳಿಕೊಳ್ಳುತ್ತಾನೆ. ಪರೀಕ್ಷೆ ಹತ್ತಿರ ಬಂದಾಗ ಸ್ವಲ್ಪ ಜಾಸ್ತಿ ಬೇಕಾಗುತ್ತದೆ ಅಂತ ಈಗಲೇ ಹೇಳಿಟ್ಟಿದ್ದೇನೆ.

ರಾತ್ರಿಪಾಳಿ

ಅಕ್ಕಾ, ನೀವು ಹೋಗಿ ಕೂತು ಕೇಳಿದಿರಲ್ಲ, ಅದು ದೊಡ್ಡದು. ಎಷ್ಟೋ ಜನ "ಅಷ್ಟೇನೂ ಸದ್ದಿಲ್ಲಪ್ಪಾ" ಅಂತ ಮೇಲಿನಿಂದಲೇ ತೀರ್ಪು ಕೊಡುತ್ತಾರೆ.

ವಕೀಲಿ ಮಾತು

ಸಂತೋಷ. ಆ ಆರು ಗಂಟೆ ಮೆಸೇಜ್ ಏನಾಯಿತು? ಅದು ಹಾಗೇ ಉಳಿದರೆ ನಾಳೆ ಇನ್ನೊಂದು ಮನೆಯ ಮಗುವಿಗೆ ಅದನ್ನೇ ತೋರಿಸುತ್ತಾರೆ.

ಮೃದಂಗದಮ್ಮ

ಕೆಳಗಿನ ಮನೆಯವಳೇ ಗುಂಪಿನಲ್ಲಿ "ನಮ್ಮ ನಡುವೆ ಸರಿಹೋಗಿದೆ" ಅಂತ ಹಾಕಿದಳು. ಕಾರ್ಯದರ್ಶಿಯವರು ಮುಂದಿನ ಸಭೆಯಲ್ಲಿ ಚರ್ಚೆಗೆ ತರುತ್ತೇವೆ ಅಂದಿದ್ದಾರೆ. ಡ್ರಿಲ್ ವಿಷಯವನ್ನೂ ಸೇರಿಸಿ ಅಂತ ನಾನು ಕೇಳಿದ್ದೇನೆ.

ಕೊಳಲು

ಸಭೆಯಲ್ಲಿ ಇನ್ನೊಂದು ಕೇಳಿ. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಪಾರ್ಟಿ ಹಾಲ್ ವಾರದ ದಿನಗಳಲ್ಲಿ ಬೀಗ ಹಾಕಿಕೊಂಡು ಬಿದ್ದಿರುತ್ತದೆ. ಸಂಜೆ ಎರಡು ಗಂಟೆ ಸಂಗೀತ ಕಲಿಯುವ ಮಕ್ಕಳಿಗೆ ಬಿಡಲಿ. ಕೊಳಲಿಗೆ ಮ್ಯೂಟ್ ಇಲ್ಲ. ತಾರಸ್ಥಾಯಿ ನುಡಿಸಿದರೆ ಮೂರು ಮನೆಗೆ ಕೇಳುತ್ತದೆ. ನಾನು ಹತ್ತಿರದ ಪಾರ್ಕ್‌ಗೆ ಹೋಗುತ್ತೇನೆ, ಆದರೆ ಮಳೆಗಾಲದಲ್ಲಿ ಆಗಲ್ಲ.

ಖಜಾಂಚಿ

ನಮ್ಮಲ್ಲೂ ಹಾಲ್ ಖಾಲಿಯೇ ಇದೆ. ಕರೆಂಟ್ ಬಿಲ್ ಯಾರು ಕೊಡುವುದು ಅಂತ ಪ್ರಶ್ನೆ ಬರುತ್ತದೆ. ಎಸಿ ಹಾಕದೆ ಫ್ಯಾನ್ ಮಾತ್ರ ಅಂದರೆ ಒಪ್ಪುತ್ತಾರೆ ಅನಿಸುತ್ತದೆ. ಹಿರಿಯರೊಬ್ಬರು ಜೊತೆಗಿರಬೇಕು, ಬೀಗದ ಕೈ ಸೆಕ್ಯುರಿಟಿ ಹತ್ತಿರ. ಈ ತಿಂಗಳ ಸಭೆಗೆ ನಾನೇ ವಿಷಯ ಇಡುತ್ತೇನೆ.

ಸಿಮೆಂಟು ಜಲ್ಲಿ

ಇಡಿ ಸರ್. ಆದರೆ ಪಾರ್ಟಿ ಹಾಲ್‌ನಲ್ಲಿ ಬರೀ ಟೈಲ್ಸ್, ಗಾಜು, ಬೋಳು ಗೋಡೆ. ಪ್ರತಿಧ್ವನಿ ವಿಪರೀತ ಇರುತ್ತದೆ, ಮಕ್ಕಳಿಗೆ ತಾಳ ತಪ್ಪುತ್ತದೆ. ಗಾಜಿನ ಕಡೆಗೆ ದಪ್ಪ ಬಟ್ಟೆಯ ಪರದೆ, ನೆಲಕ್ಕೆ ನಾಲ್ಕು ಜಮಖಾನ ಹಾಕಿಸಿ. ಹಾಲ್ ಮೇಲೆ ಯಾರದಾದರೂ ಮನೆ ಇದೆಯಾ ನೋಡಿಕೊಳ್ಳಿ, 101 ಅಥವಾ 102 ಇದ್ದೇ ಇರುತ್ತದೆ. ಅವರನ್ನು ಸಭೆಗೆ ಮೊದಲೇ ಕೇಳಿ.